ದೊಡ್ಡಪ್ಪ, ವಿಮಾನ ಮತ್ತು ಒಂದು ಸ್ಟೀಲ್ ತಗಡು

ನಮ್ಮ ಕಡೆ ಪಾತ್ರೆಗೆ ಹೆಸರು ಹಾಕ್ಸೋದು ನಿಮಗೆಲ್ಲ ಗೊತ್ತೇ ಇರತ್ತೆ. ಊರಲ್ಲಿ ಒಂದು ಮದುವೆಯೋ ಉಪನಯನವೋ ಬಂತು ಅಂದ್ರೆ ನಾಲ್ಕು ಮನೆಯ ಹಂಡೆ, ಕೊಳಗ, ತಪ್ಪಲೆ, ಸೌಟು ಎಲ್ಲ ಒಂದೇ ಅಂಗಳಕ್ಕೆ ಬಂದು ಬೀಳತ್ತೆ. ಮುಗಿದ ಮೇಲೆ ಯಾರದ್ದು ಯಾವುದು ಅಂತ ಗೊತ್ತಾಗಬೇಕಲ್ಲ, ಅದಕ್ಕೆ ಅಂಚಿನ ಮೇಲೆ ಚುಕ್ಕಿ ಚುಕ್ಕಿಯಾಗಿ ಹೆಸರು. ಯಲ್ಲಾಪುರದ ಹತ್ತಿರ ನಮ್ಮ ಅತ್ತೆ ಮನೆಯ ಬಚ್ಚಲಲ್ಲಿ ಒಂದು ತಾಮ್ರದ ಹಂಡೆ ಇದೆ. ಅದರ ಕುತ್ತಿಗೆ ಮೇಲೆ ಅತ್ತೆಯ ಮಾವನ ಅಪ್ಪನ ಹೆಸರು, ಕೆಳಗೆ ಊರಿನ ಹೆಸರು. ಮೂರು ತಲೆಮಾರು ಬೂದಿ, ಹುಣಸೆಹಣ್ಣು ಹಾಕಿ ತಿಕ್ಕಿದ್ರೂ ಅಳಿಸಿಲ್ಲ. ಆದ್ರೆ ಆ ಹಂಡೆ ಬಡಿದವನ ಹೆಸರು? ಅದು ಎಲ್ಲೂ ಇಲ್ಲ. ತಗೊಂಡವನ ಹೆಸರಿದೆ, ಮಾಡಿದವನದ್ದಿಲ್ಲ.

ಇದನ್ನ ನಾನು ಗಮನಿಸಿದ್ದೇ 2024ರಲ್ಲಿ, ಅದೂ ಒಂದು ವಿಮಾನದ ದೆಸೆಯಿಂದ. ವಿಮಾನ ಅಂದ್ರೆ ಆಟಿಕೆ ಅಲ್ಲ, ಡ್ರೋನೂ ಅಲ್ಲ. ಇಬ್ಬರು ಅಕ್ಕಪಕ್ಕ ಕೂರೋ ನಿಜವಾದ ವಿಮಾನ. ನಮ್ಮ ಅಣ್ಣ ಅವನ ಗ್ಯಾರೇಜಲ್ಲಿ ಕಟ್ಟಿದ್ದು.

ಅಣ್ಣ ಅಂದ್ರೆ ದೊಡ್ಡಪ್ಪನ ಮಗ. ಸಿದ್ದಾಪುರದ ಕಡೆಯ ಹಳ್ಳಿ, ನಾಲ್ಕು ಎಕರೆ ಅಡಿಕೆ ತೋಟದ ಮನೆ. ಈಗ ಅವನಿರೋದು ಅಮೆರಿಕದ ಓರೆಗಾನ್‌ನಲ್ಲಿ. ಅಲ್ಲೇ ಹತ್ತಿರದ ಅರೋರಾ ಅನ್ನೋ ಊರಲ್ಲಿ ವ್ಯಾನ್ಸ್ ಏರ್‌ಕ್ರಾಫ್ಟ್ ಅಂತ ಕಂಪನಿ ಇದೆ. ಅವರು ವಿಮಾನದ ಕಿಟ್ ಮಾರ್ತಾರೆ. ತಗಡು, ಪಕ್ಕೆಲುಬು, ರಿವೆಟ್ ಪೊಟ್ಟಣ, ನಕ್ಷೆ. ಉಳಿದಿದ್ದು ನಿಮ್ಮ ಹಣೆಬರಹ. ಅಣ್ಣ ತಗೊಂಡಿದ್ದು ಆರ್‌ವಿ-7. 2015ರಲ್ಲಿ ಮೊದಲು ಬಾಲದ ಕಿಟ್ ತಂದ, ಆಮೇಲೆ ರೆಕ್ಕೆ, ಆಮೇಲೆ ಮೈ, ಕೊನೆಗೆ ಇಂಜಿನ್. ಪ್ರತಿ ರಿವೆಟ್ಟಿಗೂ ತೂತು ಕೊರೆದು, ಅಂಚು ನಯ ಮಾಡಿ, ತಾತ್ಕಾಲಿಕವಾಗಿ ಕಚ್ಚಿಸಿ, ಬಿಚ್ಚಿ, ಬಣ್ಣ ಬಳಿದು, ಮತ್ತೆ ಜೋಡಿಸಿ ಬಡಿಯೋದು. ಅಂಥ ರಿವೆಟ್ಟು ಹತ್ತು ಸಾವಿರಕ್ಕೂ ಜಾಸ್ತಿ. ಅತ್ತಿಗೆ ಒಂಬತ್ತು ವರ್ಷ ಕಾರನ್ನ ಮಳೆಯಲ್ಲೇ ನಿಲ್ಸಿದ್ರು, ಪಾಪ. :-)

ಅಲ್ಲಿನ ಕಾನೂನು ಇಷ್ಟೇ: ಅರ್ಧಕ್ಕಿಂತ ಹೆಚ್ಚು ಕೆಲಸವನ್ನ ಕಲಿಯೋದಕ್ಕೋ ಖುಷಿಗೋ ನೀವೇ ಮಾಡಿರಬೇಕು. ಹಾಗಿದ್ರೆ ಅದು ಅಮೆಚೂರ್ ಬಿಲ್ಟ್. ದುಡ್ಡು ಕೊಟ್ಟು ಯಾರೋ ಮಾಡಿಕೊಟ್ರೆ ಆಗಲ್ಲ. ಅದಕ್ಕೇ ದಿನದಿನದ್ದೂ ಫೋಟೋ ತೆಗೆದು ಲೆಕ್ಕದ ಪುಸ್ತಕ ಇಡ್ತಾರೆ. ಒಳಗೆ ಕೂರೋರಿಗೆ ಕಾಣೋ ಹಾಗೆ ಒಂದು ಎಚ್ಚರಿಕೆಯನ್ನೂ ಅಂಟಿಸ್ಬೇಕು, ಇದು ಮನೆಯಲ್ಲಿ ಕಟ್ಟಿದ್ದು, ಮಾಮೂಲಿ ವಿಮಾನದ ಸುರಕ್ಷತಾ ನಿಯಮಕ್ಕೆ ಒಳಪಟ್ಟಿಲ್ಲ ಅಂತ. ಬಸ್ಸಲ್ಲಿ ಹೀಗೆ ಬರೆದ್ರೆ ನಾವು ಹತ್ತುತ್ತೀವಾ? (ಹತ್ತುತ್ತೀವಿ. ಶಿರಸಿ-ಕುಮಟಾ ರಸ್ತೆ ರಿಪೇರಿ ಇದ್ದಾಗ ಅದನ್ನೂ ಮಾಡಿದ್ದೀವಿ.)

ಇಷ್ಟೆಲ್ಲ ಆದಮೇಲೆ ಕೊನೆಗೆ ಬರೋದು ಒಂದು ಸಣ್ಣ ತಗಡು. ಗುರುತಿನ ಫಲಕ. ಅಮೆರಿಕದ ನಿಯಮದಲ್ಲಿ ಮನೆಯಲ್ಲಿ ಕಟ್ಟಿದ ವಿಮಾನಕ್ಕೆ ಅದರಲ್ಲಿ ಬೇಕಾಗಿರೋದು ಮೂರೇ ಸಂಗತಿ: ಕಟ್ಟಿದವರ ಹೆಸರು, ಮಾಡೆಲ್, ಸೀರಿಯಲ್ ನಂಬರ್. ರೆಕ್ಕೆ ಮಾಡಿಕೊಟ್ಟ ಕಂಪನಿ ಹೆಸರಲ್ಲ, ಕಟ್ಟಿದವನದ್ದು. ಅಕ್ಷರ ಕೊರೆದಿರಬೇಕು ಅಥವಾ ಒತ್ತಿರಬೇಕು, ಪೇಂಟ್ ಮಾಡಿದ್ರೆ ಆಗಲ್ಲ. ವಿಮಾನದ ಹೊರಮೈ ಮೇಲೆ, ಬಾಗಿಲ ಹಿಂದೆಯೋ ಬಾಲದ ಹತ್ತಿರವೋ, ನೆಲದ ಮೇಲೆ ನಿಂತವರಿಗೆ ಓದೋಕೆ ಬರಬೇಕು. ಮಾಮೂಲಿ ಬಳಕೆಯಲ್ಲಿ ಸವೆದು ಹೋಗಬಾರದು, ಅಪಘಾತ ಆದ್ರೂ ಕಳೆದುಹೋಗಬಾರದು. ಮತ್ತೆ ಬೆಂಕಿಗೆ ಜಗ್ಗಬಾರದು. ಬೆಂಕಿಗೆ ಜಗ್ಗದ್ದು ಅಂದ್ರೇನು ಅಂತಲೂ ಅವರ ಪುಸ್ತಕದಲ್ಲಿದೆ: ಬಿಸಿ ತಡೆಯೋದ್ರಲ್ಲಿ ಕಡಿಮೆ ಅಂದ್ರೂ ಉಕ್ಕಿಗೆ ಸಮ ಇರಬೇಕು. ವಿಮಾನದ ಮೈಯೆಲ್ಲ ಅಲ್ಯೂಮಿನಿಯಂ, ಅದು 660 ಡಿಗ್ರಿಗೇ ಕರಗತ್ತೆ. ಸ್ಟೇನ್‌ಲೆಸ್ ಸ್ಟೀಲ್ ಕರಗೋಕೆ 1400ರ ಆಸುಪಾಸು ಬೇಕು. ಹಾಗಾಗಿ ಸಾಮಾನ್ಯವಾಗಿ ಸ್ಟೀಲ್ ತಗಡನ್ನೇ ಹಾಕೋದು.

ಇನ್ನೊಂದು ವಿಷಯ ನಂಗೆ ಬಹಳ ಹಿಡಿಸ್ತು. ವಿಮಾನ ಮಾರಿದ್ರೆ ಮಾಲೀಕ ಬದಲಾಗ್ತಾನೆ, ಬಾಲದ ಮೇಲೆ ಬರೆದ ರಿಜಿಸ್ಟ್ರೇಷನ್ ನಂಬರೂ ಬದಲಾಗಬಹುದು. ಈ ಫಲಕದ ಮೇಲಿನ ಹೆಸರನ್ನ ಮಾತ್ರ ಇಲಾಖೆ ಒಪ್ಪಿಗೆ ಇಲ್ಲದೆ ಯಾರೂ ಮುಟ್ಟೋ ಹಾಗಿಲ್ಲ. ನಾಳೆ ಯಾರೋ ಗೊತ್ತಿಲ್ಲದವನು ಅದನ್ನ ಎಲ್ಲೋ ಬೀಳಿಸಿದ್ರೂ 'ಕಟ್ಟಿದವರು' ಅನ್ನೋ ಕಡೆ ಇರೋದು ನಿಮ್ಮದೇ ಹೆಸರು. ನಮ್ಮ ಸಾಫ್ಟ್‌ವೇರಿನ 'ಗಿಟ್ ಬ್ಲೇಮ್' ಇದ್ದ ಹಾಗೆ, ಆದ್ರೆ ಕಂಪನಿ ಬಿಟ್ಟು ಹೋದ್ರೂ ಬಿಡಲ್ಲ. ಕೋರ್ಟು ಕಚೇರಿಗೆ ಹೆದರಿ ಕೆಲವರು ಸ್ವಂತ ಹೆಸರಿನ ಬದಲು ಒಂದು ಸಣ್ಣ ಕಂಪನಿ ಮಾಡಿ ಅದರ ಹೆಸರು ಹಾಕ್ತಾರಂತೆ.

ಇಂಥ ಫಲಕ ಇಂಟರ್‌ನೆಟ್ಟಲ್ಲಿ ಆರ್ಡರ್ ಮಾಡಿದ್ರೆ ನಾಲ್ಕು ದಿನಕ್ಕೆ ಮನೆ ಬಾಗಿಲಿಗೆ ಬರತ್ತೆ. ಆದ್ರೆ ಅಣ್ಣ 2024ರ ಫೆಬ್ರುವರಿಯಲ್ಲಿ ನಂಗೆ ಫೋನ್ ಮಾಡಿದ. "ಜಾತ್ರೆಗೆ ಊರಿಗೆ ಹೋಗ್ತೆ ಅಲ್ದಾ? ಪ್ಲೇಟ್ ಶಿರಸಿಲೇ ಮಾಡ್ಸು. ಎರಡು ಹೆಸರು. ಎಂದು, ಅಪ್ಪಯ್ಯಂದು. ಅಪ್ಪಯ್ಯನ ಹತ್ರ ಕೇಳು, ಎಂಗೆ ಸರಿಯಾಗಿ ಉತ್ತರನೇ ಕೊಡ್ತ್ವಿಲ್ಲೆ."

ಅಪ್ಪಯ್ಯನ ಹೆಸರು ಸುಮ್ನೆ ಮರ್ಯಾದೆಗೆ ಅಲ್ಲ. 2022ರಲ್ಲಿ ದೊಡ್ಡಪ್ಪ ದೊಡ್ಡಾಯಿ ಐದು ತಿಂಗಳು ಅಲ್ಲಿದ್ದರು. ದೊಡ್ಡಪ್ಪ ಕೈ ಕಟ್ಟಿ ಕೂರೋ ಜನ ಅಲ್ಲ. ಊರಲ್ಲಿ ಪಂಪ್‌ಸೆಟ್ಟು, ಅಡಿಕೆ ಸುಲಿಯೋ ಮಷಿನ್ನು, ಗೋಬರ್ ಗ್ಯಾಸ್ ಒಲೆ, ಯಾರ ಮನೇದು ಕೆಟ್ಟರೂ ಕರೆ ಬರೋದು ಅವರಿಗೆ. ಓದಿದ್ದು ಏಳನೇ ಇಯತ್ತೆ. (ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದಿದ ನಾನು ಮಿಕ್ಸರ್ ಕೆಟ್ಟರೆ ಅವರಿಗೇ ವಿಡಿಯೋ ಕಾಲ್ ಮಾಡ್ತೀನಿ, ಅದು ಬೇರೆ ಮಾತು.) ವಿಮಾನದ ರಿವೆಟ್ ಬಡಿಯೋಕೆ ಇಬ್ಬರು ಬೇಕು. ಹೊರಗಿಂದ ಒಬ್ಬ ಗಾಳಿಯ ಗನ್ ಹಿಡೀತಾನೆ, ಒಳಗಿಂದ ಇನ್ನೊಬ್ಬ ಭಾರದ ಉಕ್ಕಿನ ಮುದ್ದೆಯನ್ನ ರಿವೆಟ್ಟಿನ ಬಾಲಕ್ಕೆ ಒತ್ತಿ ಹಿಡೀಬೇಕು. ಸ್ವಲ್ಪ ಓರೆ ಆದ್ರೆ ರಿವೆಟ್ ಸೊಟ್ಟ, ಕೊರೆದು ತೆಗೆದು ಮತ್ತೆ ಹಾಕಬೇಕು. ವಿಮಾನದ ಹಿಂಭಾಗದ ಮೈಗೆ ಆ ಮುದ್ದೆ ಹಿಡಿದಿದ್ದು ಪೂರ್ತಿ ದೊಡ್ಡಪ್ಪನೇ. ಬಾಲದ ಕಡೆಯ ಇಕ್ಕಟ್ಟಿನೊಳಗೆ ಎಪ್ಪತ್ತು ದಾಟಿದ ಮನುಷ್ಯ ಅಂಗಾತ ಮಲಗಿ, ಕಿವಿಗೆ ಹತ್ತಿ ತುರುಕ್ಕೊಂಡು ಇರೋ ಫೋಟೋ ಅಣ್ಣನ ಲೆಕ್ಕದ ಪುಸ್ತಕದಲ್ಲಿದೆ. ಸೊಟ್ಟ ಆಗಿದ್ದು ಬಹಳ ಕಡಿಮೆ ಅಂತ ಅಣ್ಣ ಹೇಳ್ತಿದ್ದ.

ಮಾರ್ಚಿನಲ್ಲಿ ಮಾರಿಕಾಂಬೆ ಜಾತ್ರೆಗೆ ಅಂತ ರಜೆ ಹಾಕಿ ಬಂದವನು ಮೊದಲು ಸಿದ್ದಾಪುರಕ್ಕೇ ಹೋದೆ. ದೊಡ್ಡಾಯಿ ಕೊಟ್ಟ ಆಸರಿಗೆ ಕುಡಿದು ಜಗಲಿ ಮೇಲೆ ಕೂತು ವಿಷಯ ಹೇಳಿದೆ. ಬೆಂಕಿಗೆ ಜಗ್ಗದ ತಗಡು, ಅಪಘಾತಕ್ಕೂ ಉಳಿಯಬೇಕು ಅಂತೆಲ್ಲ ನಿಯಮ ಓದಿದ್ದನ್ನ ಉತ್ಸಾಹದಲ್ಲಿ ಒಪ್ಪಿಸ್ತಾ ಹೋದೆ.

ದೊಡ್ಡಪ್ಪ ಕವಳದ ತಟ್ಟೆ ಎಳೆದುಕೊಂಡ್ರು. ಎಲೆಯ ತೊಟ್ಟು ಮುರಿದ್ರು, ಸುಣ್ಣ ಹಚ್ಚಿದ್ರು. ಆಮೇಲೆ, "ಅಂದ್ರೆ ಬಿದ್ದಮೇಲೆ ಗುರ್ತು ಹಿಡಿಯಲೆ ಮಾಡ್ಸದನಾ ತಮಾ ಇದು?" ಅಂದ್ರು.

ನಾನು ಸುಮ್ಮನಾದೆ.

"ಎಲ್ಲಾ ಸುಟ್ರೂ ಇದೊಂದು ಉಳಿಯವು ಹೇಳಾತು."

ಒಳಗೆ ದೊಡ್ಡಾಯಿ ಪಾತ್ರೆ ತೊಳೀತಿದ್ದ ಸದ್ದು ನಿಂತಿತು. ನಾನು ಮಾತು ತಿರುಗಿಸೋಕೆ ನಮ್ಮ ದೇಶದ ಕತೆ ಶುರು ಮಾಡಿದೆ. ಇದು ಅಮೆರಿಕದವರ ಚಟ ಅಲ್ಲ ದೊಡ್ಡಪ್ಪ, 1944ರ ಶಿಕಾಗೋ ಒಪ್ಪಂದಕ್ಕೆ ಸಹಿ ಹಾಕಿದ ದೇಶಗಳಿಗೆಲ್ಲ ಇದೆ, ನಾವು ಹತ್ತೋ ದೊಡ್ಡ ವಿಮಾನಕ್ಕೂ ಮುಖ್ಯ ಬಾಗಿಲ ಹತ್ತಿರ ಇಂಥದೇ ಒಂದು ತಗಡು ಇರತ್ತೆ ಅಂದೆ. ನಮ್ಮ ವಿಮಾನಗಳ ಮೇಲಿನ 'ವಿ-ಟಿ' ಬಗ್ಗೆಯೂ ಹೇಳಿದೆ. ವೈಸ್‌ರಾಯ್ ಟೆರಿಟರಿ ಅಂತ ವಾಟ್ಸಾಪಲ್ಲಿ ಆಗಾಗ ಬರತ್ತಲ್ಲ, ಅದು ಕಟ್ಟುಕತೆ. 1927ರಲ್ಲಿ ವಾಷಿಂಗ್ಟನ್ನಲ್ಲಿ ನಡೆದ ರೇಡಿಯೋ ಸಮ್ಮೇಳನದಲ್ಲಿ 'ವಿ' ಅಕ್ಷರದ ಗುಂಪು ಬ್ರಿಟಿಷ್ ಸಾಮ್ರಾಜ್ಯದ ದೇಶಗಳಿಗೆ ಹಂಚಿಕೆ ಆಯ್ತು. ಆಸ್ಟ್ರೇಲಿಯಾಕ್ಕೆ 'ವಿ-ಎಚ್' ಬಂತು, ನಮಗೆ 'ವಿ-ಟಿ'. ಅಷ್ಟೇ. 1932ರ ಅಕ್ಟೋಬರ್ 15ಕ್ಕೆ ಜೆ.ಆರ್.ಡಿ. ಟಾಟಾ ಕರಾಚಿಯಿಂದ ಮುಂಬೈಗೆ ಟಪಾಲು ತಂದ ವಿಮಾನದ ಮೇಲೂ ವಿಟಿ-ಎಡಿಎನ್ ಅಂತಲೇ ಇತ್ತು.

"ನಮ್ಮಲ್ಲಿ ಮನೆಯಲ್ಲಿ ಕಟ್ಟಿದವು ಯಾರೂ ಇಲ್ಯನಾ?" ಅಂತ ಕೇಳಿದ್ರು. ಬೆಂಗಳೂರಿನ ಎನ್.ಎ.ಎಲ್.ನವರು 1980ರ ದಶಕದಲ್ಲಿ ಮಾಡಿದ ಮೊದಲ ಸಣ್ಣ ವಿಮಾನ ಇಂಥದ್ದೇ ಮನೆಯಲ್ಲಿ ಕಟ್ಟೋ ನಕ್ಷೆಯಿಂದ ಹುಟ್ಟಿದ್ದು ಅಂದೆ. ಅಮೆರಿಕದ ಬರ್ಟ್ ರುಟಾನ್ ಮಾಡಿದ ಲಾಂಗ್-ಈಝಡ್ ವಿನ್ಯಾಸ ಅದು, 1987ರಲ್ಲಿ ಹಾರಿತು. ಆಮೇಲೆ ಅವರದ್ದೇ ಹಂಸ ಬಂತು, 1993ರಲ್ಲಿ. ಆದ್ರೆ ಅದು ಸರ್ಕಾರದ ಪ್ರಯೋಗಾಲಯ. ಮನೆಯಲ್ಲೇ ಅಂದ್ರೆ ಮುಂಬೈಯ ಪೈಲಟ್ ಅಮೋಲ್ ಯಾದವ್. ಕಾಂದಿವಲಿಯ ಮನೆಯ ತಾರಸಿ ಮೇಲೆ ಆರು ಸೀಟಿನ ವಿಮಾನ ಕಟ್ಟಿ, ಕ್ರೇನಲ್ಲಿ ಇಳಿಸಿ, 2016ರಲ್ಲಿ ಮೇಕ್ ಇನ್ ಇಂಡಿಯಾ ಪ್ರದರ್ಶನದಲ್ಲಿ ಇಟ್ಟಿದ್ದರು. ರಿಜಿಸ್ಟ್ರೇಷನ್ ಸಿಕ್ಕಿದ್ದು 2017ರ ನವೆಂಬರಲ್ಲಿ. ಅದಕ್ಕೆ ವಿಟಿ-ಎನ್ಎಂಡಿ ಅಂತ ಹೆಸರು, ಆಗ ಸಹಾಯ ಮಾಡಿದ ಪ್ರಧಾನಿ ಮತ್ತು ಮುಖ್ಯಮಂತ್ರಿಯ ಹೆಸರಿನ ಮೊದಲಕ್ಷರಗಳು. 2020ರಲ್ಲಿ ಧುಳೆಯಲ್ಲಿ ಹಾರಿಸಿದರು.

"ಅದ್ರಲ್ಲಿ ಕಟ್ಟಿದವನ ಹೆಸರು ಎಲ್ಲಿದ್ದು?" ಅಂದ್ರು ದೊಡ್ಡಪ್ಪ.

ನಂಗೆ ನಗು ಬಂತು. ಆದ್ರೆ ಇದೇ ಸಿಕ್ಕಿದ ಹಿಡಿ ಅಂತ ನಾನೂ ಹಟ ಹಿಡಿದೆ. ಮಾಡಿದವನ ಹೆಸರು ಬರೆಯೋ ಪದ್ಧತಿ ನಮ್ಮಲ್ಲೂ ಇತ್ತು, ಬನವಾಸಿಗೆ ಹೋದಾಗ ನೀವೇ ತೋರ್ಸಿದ್ರಲ್ಲ ಅಂದೆ. ಮಧುಕೇಶ್ವರ ದೇವಸ್ಥಾನದಲ್ಲಿ ಐದು ಹೆಡೆಯ ನಾಗರಕಲ್ಲು ಇದೆ, ನೀವೂ ನೋಡಿರಬಹುದು. ಕದಂಬರಿಗಿಂತ ಮುಂಚಿನದು, ಚುಟು ವಂಶದವರ ಕಾಲದ್ದು. ಅಂಚಿನಲ್ಲಿ ಬ್ರಾಹ್ಮಿ ಲಿಪಿಯಲ್ಲಿ ಪ್ರಾಕೃತ ಬರಹ. ರಾಜನ ಮಗಳು ನಾಗ, ಕೆರೆ, ವಿಹಾರ ದಾನ ಕೊಟ್ಟಿದ್ದು ಅದರಲ್ಲಿದೆ. ಕೊನೆಗೆ ನಾಗನನ್ನ ಮಾಡಿದವನು ಜಯಂತಿಯ ಆಚಾರ್ಯ ದಾಮೋರಕನ ಶಿಷ್ಯ ನಟಕ ಅಂತಲೂ ಇದೆ. ಜಯಂತಿ ಅಂದ್ರೆ ಬನವಾಸಿಯೇ. ಎಲ್ಲಾ ದಾನಶಾಸನದಲ್ಲಿ ಕೊಟ್ಟವನ ಹೆಸರು ಇದ್ದೇ ಇರತ್ತೆ. ಇಲ್ಲಿ ಕಲ್ಲು ಕಡಿದವನದ್ದೂ ಇದೆ, ಅವನಿಗೆ ಕಲಿಸಿದವನದ್ದೂ ಇದೆ. ಶಿರಸಿ ತಾಲೂಕಲ್ಲೇ! ಅಣ್ಣ ಕೇಳ್ತಿರೋದೂ ಅದನ್ನೇ, ಮಾಡಿದವನ ಹೆಸರು, ಕಲಿಸಿದವನ ಹೆಸರು ಅಂತ ನನ್ನ ವಾದ ಮುಗಿಸಿದೆ. ಚೆನ್ನಾಗೇ ಮಂಡಿಸಿದೆ ಅಂತ ಅಂದ್ಕೊಂಡಿದ್ದೆ.

ದೊಡ್ಡಪ್ಪ ಎದ್ದು ಅಂಗಳದ ತುದಿಗೆ ಹೋಗಿ ಉಗಿದು ಬಂದು ಕೂತರು.

"ನಾಗರಕಲ್ಲು ಹಾರ್ತಿಲ್ಲೆ ತಮಾ" ಅಂದ್ರು. ಆಮೇಲೆ ನಿಧಾನಕ್ಕೆ ಹೇಳಿದ್ದು ಇಷ್ಟು: "ಹೆಸರು ಹಾಕಿದ್ದು ಅಂದ್ರೆ ಇದು ಸರಿಯಿದ್ದು, ಆನು ಮಾಡಿದ್ದು, ಹಾರಲಕ್ಕು ಹೇಳಿ ಆತು. ಎನ್ನ ಮನಸ್ಸಲ್ಲಿ ಅದು ಹಾರದೇ ಬ್ಯಾಡ ಹೇಳಿ ಇದ್ದು. ಮಗ ಕರೆದ, ಕಬ್ಣ ಹಿಡ್ದಿ. ಹಿಡಿಯಕಾರೂ ಇದು ಇಲ್ಲೇ ನಿಂತಿರ್ಲಿ ಹೇಳೇ ಇತ್ತು. ಮನಸ್ಸಲ್ಲಿ ಹಂಗಿಟ್ಕಂಡು ಹೆಸರು ಹಾಕಿದ್ರೆ ಅದು ಸುಳ್ಳೇ ಅಲ್ದನಾ?"

ಕೋರ್ಟು, ಸಂಕೋಚ, ಹಳೇ ಕಾಲದ ವಿನಯ... ದೊಡ್ಡಪ್ಪ ಯಾಕೆ ಬೇಡ ಅಂತಾರೆ ಅನ್ನೋದಕ್ಕೆ ನಾನೂ ಅಣ್ಣನೂ ಏನೇನೋ ಕಾರಣ ಹುಡುಕಿದ್ವಿ. ಇದು ಮಾತ್ರ ನಮ್ಮ ಪಟ್ಟಿಯಲ್ಲಿ ಇರಲಿಲ್ಲ. ಅವತ್ತು ರಾತ್ರಿ ಅಣ್ಣನಿಗೆ ಫೋನಲ್ಲಿ ಹೇಳಿದಾಗ ಅವನೂ ಬಹಳ ಹೊತ್ತು ಮಾತಾಡಲಿಲ್ಲ. "ಹಂಗಾರೆ ಆನು ಹಾರ್ಸದು ಬ್ಯಾಡ್ದಾ?" ಅಂದ. ಫೋನ್ ದೊಡ್ಡಪ್ಪನ ಕೈಗೇ ಕೊಟ್ಟೆ. ದೊಡ್ಡಪ್ಪ ಹೇಳಿದ್ದು, "ಹಾರ್ಸು. ಅದು ನಿನ್ನ ಕೆಲ್ಸ. ಹೆಸರು ನಿಂದೊಂದೇ ಹಾಕ್ಯ. ಎಂಗೆ ದಿನ ಹೇಳಡ, ಹಾರಿದ್ಮೇಲೆ ಹೇಳು." ಮತ್ತೆ ಅಲ್ಲಿ ಮಳೆ ಹೇಗೆ, ಇಲ್ಲಿ ಚಾಲಿ ದರ ಹೇಗೆ ಅಂತ ಮಾತು ಬೇರೆ ಕಡೆ ಹೋಯ್ತು. ನಂಗೆ ಆ ಮಾತುಕತೆ ಕೇಳಿಸ್ಕೊಳ್ಳೋದೇ ಕಷ್ಟ ಆಗಿ ಹೊರಗೆ ಬಂದು ನಿಂತೆ.

ಮಾರನೇ ದಿನ ಬೆಳಿಗ್ಗೆ ನೋಡ್ತೀನಿ, ದೊಡ್ಡಪ್ಪ ಕೊಟ್ಟಿಗೆ ಪಕ್ಕದ ಶೆಡ್ಡಲ್ಲಿ ಹಳೇ ಗ್ಯಾಸ್ ಒಲೆಯ ಸ್ಟೀಲ್ ತಗಡು ಕತ್ತರಿಸ್ತಾ ಕೂತಿದ್ದಾರೆ! ಅಂಗೈಗಿಂತ ಸಣ್ಣವು ಎರಡು ತುಂಡು. ಮೂಲೆಗಳನ್ನ ಅರದಿಂದ ದುಂಡಗೆ ಉಜ್ಜಿ, ನಾಲ್ಕೂ ಕಡೆ ತೂತು ಹಾಕಿ, ತೂತಿನ ಅಂಚನ್ನ ದೊಡ್ಡ ಬಿಟ್ಟಿನಿಂದ ಕೈಯಲ್ಲೇ ತಿರುಗಿಸಿ ನಯ ಮಾಡಿದ್ರು. ಇದನ್ನ ಓರೆಗಾನಲ್ಲಿ ಕಲಿತಿದ್ದಂತೆ. "ಒಂದ್ರ ಮೇಲೆ ಎಂತಾದ್ರೂ ಬರೆಸ್ಕಂಡು ಬಾ ಮೊದ್ಲು" ಅಂದ್ರು.

ಶಿರಸಿಯಲ್ಲಿ ಜಾತ್ರೆ ಗದ್ದಲ. ಬಿಡಕಿಬೈಲಿನ ಕಡೆ ಕಾಲಿಡೋಕೆ ಜಾಗ ಇಲ್ಲ. ಪೇಟೆಯ ಒಂದು ಪಾತ್ರೆ ಅಂಗಡಿ ಎದುರು ಹೆಸರು ಹಾಕೋರು ಕೂತಿದ್ರು. ಈಗ ಉಳಿ-ಸುತ್ತಿಗೆ ಕಡಿಮೆ, ಜುಂಯ್ ಅನ್ನೋ ಕರೆಂಟಿನ ಪೆನ್ನು. ಒಂದು ತುಂಡಿನ ಮೇಲೆ 'ಶ್ರೀ' ಅಂತ ಬರೆಸಿ ಸಂಜೆ ಸಿದ್ದಾಪುರಕ್ಕೆ ತಂದೆ. ದೊಡ್ಡಪ್ಪ ಅದನ್ನ ಒಂದು ಅಲ್ಯೂಮಿನಿಯಂ ಚೂರಿನ ಜೊತೆ ಬಚ್ಚಲ ಒಲೆಯ ಕೆಂಡದೊಳಗೆ ತಳ್ಳಿ, ಮೇಲೆ ಒಳ್ಳೇ ಕುಂಟೆ ಹಾಕಿ ಬೆಂಕಿ ಮಾಡಿದ್ರು. ಬೆಳಿಗ್ಗೆ ಬೂದಿ ಕೆದಕಿದ್ರೆ ಅಲ್ಯೂಮಿನಿಯಂ ಗುಳಿಗೆ ಗುಳಿಗೆ ಆಗಿತ್ತು. ಸ್ಟೀಲ್ ನೀಲಿ-ಕಂದು ಬಣ್ಣಕ್ಕೆ ತಿರುಗಿತ್ತು, 'ಶ್ರೀ' ಹಾಗೇ ಇತ್ತು. ಲುಂಗಿಯಿಂದ ಒರೆಸಿ, ಬೆಳಕಿಗೆ ಹಿಡಿದು ಓದಿ, "ಅಡ್ಡಿಲ್ಲೆ" ಅಂದ್ರು. ಅಮೆರಿಕದವರು ಇದಕ್ಕಿಂತ ದೊಡ್ಡ ಪರೀಕ್ಷೆ ಮಾಡ್ತಾರೋ ಇಲ್ವೋ!

ಇನ್ನೊಂದು ತುಂಡು ತಗೊಂಡು ಮತ್ತೆ ಶಿರಸಿಗೆ. ಹೆಸರು ಹಾಕೋರು ನನ್ನ ಚೀಟಿ ನೋಡಿ, "ಬಿಲ್ಡರ್ ಅಂದ್ರೆ ಕಾಂಟ್ರಾಕ್ಟರ್ರಾ? ಯಾವ ಮನೆ ಕಟ್ಟಿದ್ದು?" ಅಂದ್ರು. ವಿಮಾನ ಅಂದೆ. ಒಂದು ಸಲ ನನ್ನ ಮುಖ ನೋಡಿದ್ರು, ಇನ್ನೊಂದು ಸಲ ಚೀಟಿ ನೋಡಿದ್ರು. "ಹಂಗಾದ್ರೆ ಸ್ವಲ್ಪ ಆಳಕ್ಕೆ ಹೊಡೀಬೇಕು" ಅಂತ ಹೇಳಿ ಪ್ರತಿ ಅಕ್ಷರದ ಮೇಲೂ ಮೂರು ಸಲ ಪೆನ್ನು ಓಡಿಸಿದ್ರು. ಹೆಚ್ಚಿಗೆ ದುಡ್ಡು ಕೇಳಲಿಲ್ಲ.

ಅದನ್ನ ಓದುವಾಗ ಒಂದು ಗಮನಿಸಿದೆ. ಪಾಸ್‌ಪೋರ್ಟ್ ಮಾಡಿಸುವಾಗ ಅಣ್ಣನ ಸರ್‌ನೇಮ್ ಜಾಗದಲ್ಲಿ ದೊಡ್ಡಪ್ಪನ ಹೆಸರು ಕೂತುಬಿಟ್ಟಿದೆ. ಅಮೆರಿಕದಲ್ಲಿ ಅವನ ದಾಖಲೆ ಎಲ್ಲದರಲ್ಲೂ ಹಾಗೇ, ಆಫೀಸಲ್ಲಿ ಅವನನ್ನ ಕರೆಯೋದೂ ದೊಡ್ಡಪ್ಪನ ಹೆಸರಿಂದಲೇ. ಒಂದೇ ಹೆಸರು ಹಾಕ್ಸು ಅಂದಿದ್ದು, ಆದ್ರೆ ತಗಡಿನ ಮೇಲೆ ಇಬ್ಬರೂ ಇದ್ದಾರೆ! ದೊಡ್ಡಪ್ಪನಿಗೆ ತೋರ್ಸಿದೆ. ಕನ್ನಡಕ ಹಾಕ್ಕೊಂಡು ಓದಿ, "ಅದು ಅವನ ಹೆಸರು, ಎಂದಲ್ಲ" ಅಂತ ವಾಪಸ್ ಕೊಟ್ಟರು. ಆದ್ರೆ ಅದನ್ನ ಸುತ್ತಿ ಕಳಿಸೋಕೆ ಬಟ್ಟೆ ಹುಡುಕಿ, ಹೊಲಿಗೆ ಹಾಕಿ ಕೊಟ್ಟಿದ್ದೂ ಅವರೇ.

ಏಪ್ರಿಲಲ್ಲಿ ನಮ್ಮ ಆಫೀಸಿನವರೊಬ್ಬರ ಕೈಯಲ್ಲಿ ತಗಡು ಹೋಯ್ತು. ಬಾಲದ ಕೆಳಗೆ ಎಡಗಡೆ, ದೊಡ್ಡಪ್ಪ ಒಳಗೆ ಮಲಗಿ ರಿವೆಟ್ ಹಿಡಿದಿದ್ದ ಭಾಗದ ಮೇಲೇ ಕೂರಿಸಿದ್ದಾನೆ. ಜೂನಲ್ಲಿ ಇನ್‌ಸ್ಪೆಕ್ಟರ್ ಬಂದು ಇಡೀ ದಿನ ಮುಚ್ಚಳ ಬಿಚ್ಚಿಸಿ ಟಾರ್ಚ್ ಬಿಟ್ಟು ನೋಡಿದ್ರಂತೆ. ತಗಡು ನೋಡೋಕೆ ಅರ್ಧ ನಿಮಿಷ, ಕಾಗದದಲ್ಲಿರೋ ಹೆಸರು ಇದರಲ್ಲೂ ಇದೆಯಾ ಅಂತ ಅಷ್ಟೇ. ಮೊದಲ ಇಷ್ಟು ಗಂಟೆ ಗೊತ್ತು ಮಾಡಿದ ಪ್ರದೇಶದ ಮೇಲೆ ಮಾತ್ರ ಹಾರಿಸಿ ಪರೀಕ್ಷೆ ಮಾಡಬೇಕು, ಸುಮ್ನೆ ಜೊತೆಗೆ ಅಂತ ಯಾರನ್ನೂ ಕೂರಿಸ್ಕೊಳ್ಳೋ ಹಾಗಿಲ್ಲ ಅಂತ ಷರತ್ತು ಹಾಕಿ ಪತ್ರ ಕೊಟ್ಟರು.

ಆಗಸ್ಟಲ್ಲಿ ಒಂದು ಭಾನುವಾರ ರಾತ್ರಿ ಅಣ್ಣನ ಮೆಸೇಜು. ಹಾರಿಸಿದ, ಇಳಿಸಿದ, ನಲವತ್ತು ನಿಮಿಷ. ಒಂದು ಫೋಟೋ ಇತ್ತು, ಹಾಕೋಕೆ ಅವನ ಅನುಮತಿ ಸಿಗಲಿಲ್ಲ. ನಾನಾಗ ಊರಲ್ಲೇ ಇದ್ದೆ. ಹೊರಗೆ ಮಳೆ ಹೊಡೀತಿತ್ತು, ಕರೆಂಟಿಲ್ಲ. ದೊಡ್ಡಪ್ಪನಿಗೆ ಫೋನ್ ಮಾಡಿ ಹೇಳಿದೆ. ಆ ಕಡೆಯಿಂದ ಸುಮಾರು ಹೊತ್ತು ಮಳೆ ಸದ್ದು ಮಾತ್ರ ಬಂತು. ಆಮೇಲೆ, "ಇಂಜಿನ್ನು ಬಿಸಿ ಎಷ್ಟಾತಡ ಕೇಳು" ಅಂದ್ರು.

ಕೇಳಿದೆ. ಹೊಸ ಇಂಜಿನ್ ಅಲ್ವಾ, ಎಲ್ಲಾ ಸ್ವಲ್ಪ ಬಿಸಿ, ಹಿಂದಿನ ಒಂದು ಸಿಲಿಂಡರ್ ಉಳಿದವಕ್ಕಿಂತ ಜಾಸ್ತಿ ಅಂತ ಉತ್ತರ ಬಂತು. ದೊಡ್ಡಪ್ಪನಿಗೆ ತಿಳಿಸಿದೆ. "ಗಾಳಿ ಎಲ್ಲೋ ಸೋರ್ತಾ ಇಕ್ಕು. ಆ ಕಡೆ ತಗಡಿಗೂ ಮುಚ್ಚಳಕ್ಕೂ ಮಧ್ಯ ಸಂದಿ ಇದ್ದನ ನೋಡು ಹೇಳು. ಅಲ್ಲಿ ಆನು ಇದ್ದಿದ್ರೆ ಮೊದಲೇ ನೋಡ್ತಿದ್ದಿ" ಅಂದ್ರು. ಎರಡು ದಿನ ಬಿಟ್ಟು ಅಣ್ಣ ಆ ಸಂದಿಗೆ ರಬ್ಬರ್ ಪಟ್ಟಿ ಹಾಕಿದ.